ಪೆಟ್ಟಿಗೆಯೊಳಗೆ ಉಳಿದ ಕೀಲಿಕೈ: ವಿಂಡೋಸ್ 98 ಮತ್ತು ಪೆನ್‌ಡ್ರೈವು



1999ರಿಂದ 2003ರವರೆಗೆ ನನ್ನಲ್ಲಿ ಒಂಬತ್ತನೆಯ ತರಗತಿ ಓದಿದವರಿಗೆ ದಸರಾ ರಜೆಯ ಮನೆಗೆಲಸವೊಂದು ನೆನಪಿರಬಹುದು. ಮನೆಯ ಹಿರಿಯರನ್ನು ಮಾತನಾಡಿಸಿ, ಪ್ಲೇಗಿನ ಕಾಲದಲ್ಲಿ ಊರು ಬಿಟ್ಟು ಗುಡಿಸಲು ಹಾಕಿಕೊಂಡದ್ದು, ಯುದ್ಧಕಾಲದ ಪಡಿತರ, ಕೆರೆ ಒಡೆದ ವರ್ಷ, ಹೀಗೆ ಅವರು ಕಂಡದ್ದನ್ನು ಅವರ ಮಾತಿನಲ್ಲಿಯೇ ಬರೆದು ತರಬೇಕೆಂದು ಹೇಳುತ್ತಿದ್ದೆ. ಅವುಗಳಲ್ಲಿ 47 ಬರಹಗಳನ್ನು ಆರಿಸಿ ಪುಸ್ತಕ ಮಾಡಬೇಕೆಂಬ ಆಸೆಯಿಂದ ಮನೆಯ ಗಣಕಯಂತ್ರದಲ್ಲಿ ಟೈಪು ಮಾಡಿಸಿದ್ದೆ. ಟೈಪು ಮಾಡಿದವರು ನನ್ನ ಶ್ರೀಮತಿಯವರು, ಎರಡೇ ಬೆರಳುಗಳಲ್ಲಿ. ವರ್ಗಾವಣೆ, ಮಕ್ಕಳ ಓದು, ಮದುವೆ ಎಂದು ಪುಸ್ತಕ ಮುಂದೆ ಮುಂದೆ ಹೋಯಿತು. ಹಸ್ತಪ್ರತಿಗಳು ಗೆದ್ದಲಿನ ಪಾಲಾದವು; ಫ್ಲಾಪಿಗಳಿಗೆ ಬೂಷ್ಟು ಹಿಡಿಯಿತು.

2023ರ ದೀಪಾವಳಿಯ ಹೊತ್ತಿಗೆ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿ, “ಸಾರ್, ನಮ್ಮಜ್ಜಿ ಹೇಳಿದ್ದನ್ನ ಬರೆದು ಕೊಟ್ಟಿದ್ದೆನಲ್ಲ, ಅದು ನಿಮ್ಮ ಹತ್ತಿರ ಇದೆಯಾ? ಅಜ್ಜಿಯ ಫೋಟೋ ಕೂಡ ನಮ್ಮಲ್ಲಿಲ್ಲ” ಎಂದಳು. ನಾನು ಉತ್ತರಿಸಲು ತಡಬಡಾಯಿಸಿದೆ. ಉಳಿದಿದ್ದ ಒಂದೇ ಪ್ರತಿಯು ಅಟ್ಟದ ಮೇಲೆ, 2000ನೆಯ ಇಸವಿಯಲ್ಲಿ ಕೊಂಡ ವಿಂಡೋಸ್ 98 ಎರಡನೆಯ ಆವೃತ್ತಿಯ ಯಂತ್ರದಲ್ಲಿತ್ತು.

ಯಂತ್ರವನ್ನು ಇಳಿಸಿ, ಧೂಳು ಕೊಡವಿ ಗುಂಡಿ ಒತ್ತಿದೆವು. ಆಶ್ಚರ್ಯವೆಂಬಂತೆ ಅದು ಎದ್ದು ಕುಳಿತಿತು! ಕಡತಗಳೂ ಕಂಡವು. ಆದರೆ ಅವುಗಳನ್ನು ಹೊರತರುವುದು ಹೇಗೆ? ಹಿಂಬದಿಯಲ್ಲಿ ಎರಡು ಯುಎಸ್‌ಬಿ ಕಿಂಡಿಗಳಿದ್ದವು. ಪೆನ್‌ಡ್ರೈವು ಸರಾಗವಾಗಿ ಒಳಹೊಕ್ಕಿತು. ಪರದೆಯ ಮೇಲೆ ಮಾತ್ರ, ಹೊಸ ಸಾಧನವೊಂದು ಸಿಕ್ಕಿದೆ, ಅದರ ಡ್ರೈವರ್ ಎಲ್ಲಿದೆ ಎಂಬ ಪ್ರಶ್ನೆ ಮೂಡಿತು. ಕಿಂಡಿ ಹೊಂದುತ್ತದೆ, ಮಾತು ಹೊಂದುವುದಿಲ್ಲ. ಇದೇಕೆ ಹೀಗೆ ಎಂದು ತಿಳಿಯಲು ಇತಿಹಾಸದ ಮೇಷ್ಟ್ರಾದ ನಾನು ಇತಿಹಾಸಕ್ಕೇ ಹೋಗಬೇಕಾಯಿತು.

1990ರ ದಶಕದ ಗಣಕಯಂತ್ರದ ಬೆನ್ನನ್ನು ನೆನೆಸಿಕೊಳ್ಳಿ. ಕೀಲಿಮಣೆಗೊಂದು ಕಿಂಡಿ, ಮೌಸಿಗೊಂದು, ಮುದ್ರಕಕ್ಕೆ ಇನ್ನೊಂದು. ಇವೆಲ್ಲಕ್ಕೂ ಒಂದೇ ಬಗೆಯ ಕಿಂಡಿಯಿರಲಿ ಎಂದು ಇಂಟೆಲ್, ಮೈಕ್ರೋಸಾಫ್ಟ್, ಐಬಿಎಂ ಮೊದಲಾದ ಏಳು ಸಂಸ್ಥೆಗಳು ಕೂಡಿ 1996ರ ಜನವರಿಯಲ್ಲಿ ಯುಎಸ್‌ಬಿ ಎಂಬ ನಿಯಮಾವಳಿಯನ್ನು ಹೊರತಂದವು. ಇಂಟೆಲ್‌ನಲ್ಲಿ ಈ ಕೆಲಸದ ಮುಂದಾಳುಗಳಲ್ಲೊಬ್ಬರಾದ ಅಜಯ್ ಭಟ್ ನಮ್ಮ ದೇಶದವರೇ, ಬರೋಡದಲ್ಲಿ ಓದಿದವರು.

ಆದರೆ ಕಿಂಡಿ ಒಂದಾದ ಮಾತ್ರಕ್ಕೆ ಬಳಕೆ ಒಮ್ಮೆಲೇ ಸಲೀಸಾಗಲಿಲ್ಲ. 1998ರ ಏಪ್ರಿಲ್ 20ರಂದು ಷಿಕಾಗೋದ ಪ್ರದರ್ಶನವೊಂದರಲ್ಲಿ, ಬಿಲ್ ಗೇಟ್ಸ್ ವೇದಿಕೆಯ ಮೇಲಿರುವಾಗಲೇ, ಬಿಡುಗಡೆಗೆ ಸಿದ್ಧವಾಗುತ್ತಿದ್ದ ವಿಂಡೋಸ್ 98ಕ್ಕೆ ಸ್ಕ್ಯಾನರೊಂದನ್ನು ಜೋಡಿಸಲಾಗಿ, ಪರದೆ ನೀಲಿಗಟ್ಟಿ ನಿಂತುಹೋಯಿತು. ಸಭೆ ಗೊಳ್ಳೆಂದು ನಕ್ಕಿತು. ತರಗತಿಯಲ್ಲಿ ಪ್ರಯೋಗ ಕೈಕೊಟ್ಟ ವಿಜ್ಞಾನದ ಮೇಷ್ಟ್ರ ಪಾಡು ಬಲ್ಲ ನನಗೆ ಇದನ್ನು ಓದಿ ನಗುವಿಗಿಂತ ಮರುಕವೇ ಹೆಚ್ಚಾಯಿತು. ಎರಡು ತಿಂಗಳ ಬಳಿಕ, ಜೂನ್ 25ರಂದು, ವಿಂಡೋಸ್ 98 ಮಾರುಕಟ್ಟೆಗೆ ಬಂದಿತು. ತಿದ್ದಿದ ಎರಡನೆಯ ಆವೃತ್ತಿ 1999ರ ಮೇ ತಿಂಗಳಿನಲ್ಲಿ.

ಪೆನ್‌ಡ್ರೈವಿನ ತವರು ಬೇರೆ. ವಿದ್ಯುತ್ತು ಇಲ್ಲದಾಗಲೂ ಬರೆದುದನ್ನು ಹಿಡಿದಿಡುವ ಫ್ಲಾಷ್ ಸ್ಮೃತಿಯನ್ನು ಜಪಾನಿನ ತೋಷಿಬಾ ಸಂಸ್ಥೆಯ ಫುಜಿಯೊ ಮಸುವೋಕಾ 1984ರಲ್ಲಿ ವಿದ್ವಾಂಸರ ಮುಂದಿಟ್ಟರು. ಅದನ್ನು ಯುಎಸ್‌ಬಿಗೆ ಜೋಡಿಸಿದ ಕಿರುಸಾಧನವನ್ನು ಇಸ್ರೇಲಿನ ಎಂ-ಸಿಸ್ಟಮ್ಸ್ ಮತ್ತು ಸಿಂಗಪುರದ ಟ್ರೆಕ್ ಸಂಸ್ಥೆಗಳು ಹೆಚ್ಚುಕಡಿಮೆ ಒಂದೇ ಕಾಲಕ್ಕೆ ರೂಪಿಸಿದವು. 2000ನೆಯ ಇಸವಿಯ ಕೊನೆಗೆ ಅಮೆರಿಕದಲ್ಲಿ ಐಬಿಎಂ ಮಾರಿದ ಪೆನ್‌ಡ್ರೈವಿನಲ್ಲಿ ಹಿಡಿಯುತ್ತಿದ್ದುದು 8 ಎಂಬಿ ಮಾತ್ರ. ಇಂದಿನವರಿಗೆ ಇದು ನಗೆಪಾಟಲು; 1.44 ಎಂಬಿಯ ಫ್ಲಾಪಿ ಹಿಡಿದು ಓಡಾಡಿದ ನಮಗೆ ಅದು ಐದು ಫ್ಲಾಪಿಗಳಿಗಿಂತ ದೊಡ್ಡ ಚೀಲ!

ಈಗ ಇಸವಿಗಳನ್ನು ಸಾಲಾಗಿ ಇಟ್ಟು ನೋಡಿ. ಯುಎಸ್‌ಬಿ ಸಾಧನವನ್ನು ಚುಚ್ಚಿದಾಗ, ನೆಂಟರನ್ನು ನಾವು ‘ಯಾವೂರು, ಯಾರ ಮನೆಯವರು’ ಎಂದು ವಿಚಾರಿಸುವಂತೆ, ಯಂತ್ರವು ಅದರ ಕುಲಗೋತ್ರ ಕೇಳುತ್ತದೆ. ಮೌಸಿನ ಮನೆತನವನ್ನು ವಿಂಡೋಸ್ 98 ಬಲ್ಲದು. ಪೆನ್‌ಡ್ರೈವಾದರೋ ‘ನಾನು ಸಂಗ್ರಹ ಸಾಧನಗಳ ಮನೆತನದವನು’ ಎನ್ನುತ್ತದೆ. ಆ ಮನೆತನದ ಸಾಧನಗಳು ಹೇಗೆ ಮಾತನಾಡಬೇಕೆಂಬ ನಿಯಮಾವಳಿ, ಇಂದಿಗೂ ಬಹುಪಾಲು ಪೆನ್‌ಡ್ರೈವುಗಳು ಪಾಲಿಸುವಂಥದು, ಅಂತಿಮಗೊಂಡದ್ದು 1999ರ ಸೆಪ್ಟೆಂಬರಿನಲ್ಲಿ, ಎಂದರೆ ವಿಂಡೋಸ್ 98ರ ಎರಡನೆಯ ಆವೃತ್ತಿ ಬಿಡುಗಡೆಯಾದ ನಾಲ್ಕು ತಿಂಗಳ ಮೇಲೆ. ಇನ್ನೂ ಹುಟ್ಟದ ನೆಂಟನ ಗುರುತು ಯಾರಿಗೆ ತಾನೆ ಇದ್ದೀತು? (ಆ ದಸ್ತಾವೇಜಿನ ಮುಖಪುಟದಲ್ಲಿ ಸೆಪ್ಟೆಂಬರ್ 31 ಎಂದು ಅಚ್ಚಾಗಿದೆ. ನಿಮ್ಮಲ್ಲಿ ಯಾರಾದರೂ ಹಾಗೆ ಬರೆದಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.) 2000ದಲ್ಲಿ ಬಂದ ವಿಂಡೋಸ್ 2000 ಮತ್ತು ಎಂಇ ಆವೃತ್ತಿಗಳು ಈ ಮನೆತನವನ್ನು ತಾವಾಗಿಯೇ ಗುರುತಿಸಿದವು. ವಿಂಡೋಸ್ 98 ಇದ್ದವರು ಮಾತ್ರ ಒಂದೊಂದು ಕಂಪನಿಯ ಪೆನ್‌ಡ್ರೈವಿಗೂ ಅದರದೇ ಡ್ರೈವರನ್ನು ಸೀಡಿಯಿಂದ ಹಾಕಿಕೊಳ್ಳಬೇಕಿತ್ತು. ಸೀಡಿ ಕಳೆದರೆ ಮುಗಿಯಿತು. ಡ್ರೈವರನ್ನು ಪೆನ್‌ಡ್ರೈವಿನಲ್ಲೇ ತರೋಣವೆಂದರೆ, ಅದು ಬೀಗ ಹಾಕಿದ ಪೆಟ್ಟಿಗೆಯೊಳಗೇ ಕೀಲಿಕೈ ಉಳಿದಂತೆ.

2006ರ ಜುಲೈ 11ರಂದು ಮೈಕ್ರೋಸಾಫ್ಟ್ ವಿಂಡೋಸ್ 98ರ ಪೋಷಣೆಯನ್ನು ನಿಲ್ಲಿಸಿತು. ಹಾಗೆಂದು ಅದು ಅನಾಥವಾಗಲಿಲ್ಲ. ಮ್ಯಾಕ್ಸಿಮಸ್ ಡೆಸಿಮ್ ಎಂಬ ಅಂಕಿತನಾಮದ ಹವ್ಯಾಸಿಯೊಬ್ಬರು, ನಂತರದ ವಿಂಡೋಸುಗಳ ಕಡತಗಳನ್ನು ಹೊಂದಿಸಿ, ಎಲ್ಲ ಕಂಪನಿಗಳ ಪೆನ್‌ಡ್ರೈವಿಗೂ ಒಗ್ಗುವ ಒಂದೇ ಡ್ರೈವರನ್ನು ಎರಡನೆಯ ಆವೃತ್ತಿಗಾಗಿ ಸಿದ್ಧಪಡಿಸಿ ಹಂಚಿದ್ದರು. ಎನ್‌ಯುಎಸ್‌ಬಿ ಎಂದು ಅದರ ಹೆಸರು.

ಹಾರ್ಡ್‌ಡಿಸ್ಕನ್ನೇ ಬಿಚ್ಚಿ ಬೇರೆ ಯಂತ್ರಕ್ಕೆ ಜೋಡಿಸಬಹುದೆಂದು ಪರಿಚಿತರು ಸಲಹೆಯಿತ್ತರು. ಅದು ಸುಲಭದ ದಾರಿಯೇ. ಆದರೆ ಮುದಿಡಿಸ್ಕನ್ನು ಅಲುಗಾಡಿಸಲು ನನಗೆ ಧೈರ್ಯ ಬರಲಿಲ್ಲ. ಆದ್ದರಿಂದ ನನ್ನ ತಂಗಿಯ ಮಗ ಆ ಡ್ರೈವರನ್ನು ಸೀಡಿಗೆ ಬರೆದು ತಂದ. ಹಿಂದೆ ಹಾಕಿದ್ದ ಪೆನ್‌ಡ್ರೈವ್ ಡ್ರೈವರುಗಳನ್ನೂ ಗುರುತು ಸಿಗದ ಸಾಧನಗಳ ನಮೂದುಗಳನ್ನೂ ಮೊದಲು ಅಳಿಸಿದೆವು. ಬಳಿಕ ಎನ್‌ಯುಎಸ್‌ಬಿ ಹಾಕಿ ಯಂತ್ರವನ್ನು ಮತ್ತೆ ಚಾಲೂ ಮಾಡಿದೆವು. 64 ಜಿಬಿಯ ಹೊಸ ಪೆನ್‌ಡ್ರೈವು ಆಗಲೂ ತೆರೆಯಲಿಲ್ಲ. ಅದರೊಳಗಿನ ಎಕ್ಸ್‌ಫ್ಯಾಟ್ ಎಂಬ ವಿನ್ಯಾಸ 2006ರದು, ವಿಂಡೋಸ್ 98ಕ್ಕೆ ಅರ್ಥವಾಗದು. ಮೇಜಿನ ಖಾನೆಯಲ್ಲಿದ್ದ 2 ಜಿಬಿಯ ಹಳೆಯದನ್ನು ಫ್ಯಾಟ್32 ವಿನ್ಯಾಸಕ್ಕೆ ಫಾರ್ಮ್ಯಾಟ್ ಮಾಡಿ ಚುಚ್ಚಿದಾಗ ಹೊಸ ಡಿಸ್ಕಿನ ಚಿತ್ರ ಪರದೆಯ ಮೇಲೆ ಮೂಡಿತು. ನನ್ನ ಶ್ರೀಮತಿಯವರು ಕೈಮುಗಿದೇ ಬಿಟ್ಟರು.

ಇನ್ನೂ ಒಂದು ತೊಡಕು ಉಳಿದಿತ್ತು. ವಿಂಡೋಸ್‌ನಲ್ಲಿಯೇ ಕನ್ನಡದ ಯೂನಿಕೋಡ್ ಒದಗಿದ್ದು 2001ರ ಎಕ್ಸ್‌ಪಿಯಿಂದ. ಅದಕ್ಕೂ ಮೊದಲು ‘ಬರಹ’ದಂತಹ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿ ಕೆಲಸ ನಡೆಸುತ್ತಿದ್ದವು. ಹೀಗಾಗಿ ಹೊಸ ಯಂತ್ರದಲ್ಲಿ ಅಜ್ಜಿಯಂದಿರ ಮಾತೆಲ್ಲ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ಕಂಡಿತು. ಅದನ್ನು ಪರಿವರ್ತಕದಿಂದ ಯೂನಿಕೋಡಿಗೆ ತಂದು, ಕೆಟ್ಟ ಒತ್ತಕ್ಷರಗಳನ್ನು ಹಳೆಯ ಪರದೆ ನೋಡಿಕೊಂಡೇ ಒಂದೊಂದಾಗಿ ತಿದ್ದಿದೆವು.

1905ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು, 1909ರಲ್ಲಿ ಅಚ್ಚಾದುದನ್ನು ನಿಮಗೆ ಪಾಠ ಮಾಡಿದ್ದೆ. ಅದು ಗ್ರಂಥ ಲಿಪಿಯಲ್ಲಿತ್ತು. ಗರಿ ಉಳಿದಿತ್ತೆಂಬುದು ಅರ್ಧ ಪುಣ್ಯ; ಆ ಲಿಪಿಯನ್ನು ಓದಬಲ್ಲವರು ಉಳಿದಿದ್ದರೆಂಬುದು ಇನ್ನರ್ಧ. ಗರಿಗಾದರೂ ಶತಮಾನಗಳು ಬೇಕಾದವು, ನಮ್ಮ ಕಡತಗಳಿಗೆ ಇಪ್ಪತ್ತು ವರ್ಷವೇ ಸಾಕಾಯಿತು. ಆದ್ದರಿಂದ ನಿಮ್ಮ ಮನೆಯ ಬರಹ, ಭಾವಚಿತ್ರಗಳನ್ನು ಒಂದೆಡೆ ಇಟ್ಟು ನಿಶ್ಚಿಂತರಾಗಬೇಡಿ. ಕೆಲವು ವರ್ಷಗಳಿಗೊಮ್ಮೆ ತೆರೆದು ನೋಡಿ, ಕಾಲಕ್ಕೆ ತಕ್ಕ ಸಾಧನಕ್ಕೆ ಪ್ರತಿ ಮಾಡಿ, ಸಾಧ್ಯವಾದರೆ ಕಾಗದದ ಮೇಲೂ ಮುದ್ರಿಸಿಡಿ.

47ರಲ್ಲಿ 43 ಕಡತಗಳು ದಕ್ಕಿದವು. ಆ ವಿದ್ಯಾರ್ಥಿನಿಯ ಅಜ್ಜಿಯ ಮಾತುಗಳನ್ನು ದೂರವಾಣಿಯಲ್ಲಿ ಓದಿ ಹೇಳಿದೆ. “ಹೌದು ಸಾರ್, ಅಜ್ಜಿ ಹೀಗೇ ಮಾತಾಡ್ತಿದ್ರು” ಎಂದವಳು ಮುಂದೆ ಬಹಳ ಹೊತ್ತು ಮಾತನಾಡಲಿಲ್ಲ.

ತೆರೆಯದೆ ಉಳಿದ ನಾಲ್ಕೂ 2001ರ ತರಗತಿಯವು. ಪುಸ್ತಕವಾಗಲಿ ಎಂದು ಕೊಟ್ಟದ್ದನ್ನು ನಾನು ಕಾಪಾಡಲಿಲ್ಲ; ಆ ತಪ್ಪು ನನ್ನದೇ. ಅಂದು ಬರೆದವರಲ್ಲಿ ಯಾರ ಮನೆಯಲ್ಲಾದರೂ ಹಳೆಯ ನೋಟ್‌ಪುಸ್ತಕ ಉಳಿದಿದ್ದರೆ ದಯವಿಟ್ಟು ಹುಡುಕಿ ನೋಡಿ. ಉಳಿದ 43 ಮಂದಿ ಕೇಳಿದರೆ ಸಾಕು, ನಿಮ್ಮ ನಿಮ್ಮ ಬರಹದ ಪ್ರತಿಯನ್ನು ಕಳುಹಿಸುತ್ತೇನೆ.

ಇಂತು ನಿಮ್ಮ,
ಮೇಷ್ಟ್ರು