ಅಲಗಿನ ಮೇಲಿನ ಹೆಸರು

ಅಡಿಗೆಮನೆಗೆ ಚಾಕು ಕೊಳ್ಳುವಾಗ ಅದು ಯಾವ ದೇಶದ್ದೆಂದು ಅಲಗಿನ ಮೇಲೆ ಹುಡುಕುವ ಚಾಳಿ ನನಗೂ ಇದೆ. ಆ ಮುದ್ರೆ ಹುಟ್ಟಿದ್ದು ಮಾತ್ರ ಸರಕನ್ನು ಹೊಗಳುವುದಕ್ಕಲ್ಲ, ಎಚ್ಚರಿಸುವುದಕ್ಕೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಚಾಕುವೆಂದರೆ ಇಂಗ್ಲೆಂಡಿನ ಶೆಫೀಲ್ಡ್. ಜರ್ಮನಿಯ ಜೋಲಿಂಗೆನ್ನಿನಲ್ಲೂ ಕತ್ತಿ ಕೆಲಸ ಹಳೆಯದೇ. ಆದರೂ ಅಗ್ಗದ ಜರ್ಮನ್ ಚಾಕುಗಳು ಶೆಫೀಲ್ಡಿನ ಹೆಸರು ಹೊತ್ತು ಮಾರಾಟವಾಗುತ್ತಿದ್ದವು. 1876ರ ಫಿಲಡೆಲ್ಫಿಯಾ ಪ್ರದರ್ಶನ ನೋಡಿದ ಜರ್ಮನ್ ತಜ್ಞ ಫ್ರಾಂಟ್ಸ್ ರೂಲೋ, ತನ್ನ ನಾಡಿನ ಸರಕು ಅಗ್ಗ ಮತ್ತು ಕಳಪೆ ಎಂದು ನೇರವಾಗಿಯೇ ಬರೆದ. 1887ರಲ್ಲಿ ಬ್ರಿಟನ್ ಇಂಥ ಸುಳ್ಳು ಮುದ್ರೆಗಳ ವಿರುದ್ಧ ಕಾನೂನು ತಂದಿತು. ‘ಮೇಡ್ ಇನ್ ಜರ್ಮನಿ’ ಎಂಬುದು ರೂಢಿಗೆ ಬಂದದ್ದು ಹೀಗೆ. ಜರ್ಮನ್ನರು ಮುನಿಸಿಕೊಂಡು ಕೂರದೆ ಸರಕನ್ನೇ ಸುಧಾರಿಸಿದರು, ಕಳಂಕವೇ ಕಿರೀಟವಾಯಿತು. 1938ರಲ್ಲಿ ಜೋಲಿಂಗೆನ್ ಎಂಬ ಹೆಸರಿಗೇ ಕಾನೂನಿನ ರಕ್ಷಣೆ ದೊರೆಯಿತು.

ನಮ್ಮ ಕಥೆ ಇದಕ್ಕೆ ತಿರುಗುಮುರುಗು. ದಕ್ಷಿಣ ಭಾರತದ ಮಣ್ಣಿನ ಮೂಸೆಗಳಲ್ಲಿ ತಯಾರಾದ ಉಕ್ಕು ಲಂಡನ್ನಿಗೆ ಹೋಗಿ ‘ವೂಟ್ಸ್’ ಆಯಿತು. ಆ ಪದದ ಬೇರು ನಮ್ಮ ‘ಉಕ್ಕು’ ಎಂದೇ ಬಹಳ ವಿದ್ವಾಂಸರ ಮತ. ಲಂಡನ್ನಿನ ಜೇಮ್ಸ್ ಸ್ಟೋಡಾರ್ಟ್ ಅದರಿಂದ ಚಾಕು ಮಾಡಿ ಮೆಚ್ಚಿಕೊಂಡ. 1819ರ ಸುಮಾರಿಗೆ ಮೈಕೆಲ್ ಫ್ಯಾರಡೆ ಅದರ ಗುಟ್ಟು ಹುಡುಕಲು ಹೊರಟ. ಮೂಸೆಯ ಮುಂದೆ ಬೆವರು ಸುರಿಸಿದವರ ಹೆಸರು ಮಾತ್ರ ನಮಗೆ ಉಳಿಯಲಿಲ್ಲ.

ಹಾಗಾದರೆ ದೇಶ ಮುಖ್ಯವಲ್ಲವೆ? ಒಂದು ಊರು ತಲೆಮಾರುಗಳ ಕಾಲ ಕಾಪಾಡಿಕೊಂಡ ಕಸುಬಿನ ಗುರುತಾಗಿ ಮುಖ್ಯವೇ. ಆದರೆ ಟೊಮೆಟೊ ಹೆಚ್ಚುವುದು ಹೆಸರಲ್ಲ. ಉಕ್ಕಿನೊಳಗಿನ ಇಂಗಾಲ, ಕಾಯಿಸಿ ತಣಿಸಿದ ಹದ, ಸಾಣೆ ಹಿಡಿದ ಕೈ.