ಅಳುವಾಗ ಮಗುವಿನ ಕೈ ಬಲ ಕಳೆದುಕೊಳ್ಳುತ್ತಿದೆಯೇ? ಮೊಯಮೊಯ ಕಾಯಿಲೆ ಬಗ್ಗೆ ಗೊತ್ತಿರಲಿ

ನಾನು ಡಾಕ್ಟರ್ ಅಲ್ಲ, ಕಂಪನಿ ಲೆಕ್ಕ ಬರೆಯುವವನು. ಕಳೆದ ವರ್ಷ ನಮ್ಮ ಆಫೀಸಿನ ಡ್ರೈವರ್ ಒಬ್ಬರು ಊರಿಂದ ವಾಟ್ಸಾಪಿನಲ್ಲಿ ಬಂದ ಮಗಳ ಎಂಆರ್‌ಐ ರಿಪೋರ್ಟ್ ತೋರಿಸಿ, "ಸಾರ್, ಇದಕ್ಕೆ ಅಮೆರಿಕಕ್ಕೇ ಹೋಗ್ಬೇಕಂತೆ, ಮನೆ ಅಡವಿಡ್ಲಾ?" ಅಂತ ಕೇಳಿದರು. ಲಾಸ್ ಏಂಜಲೀಸ್‌ನ ಸಂಬಂಧಿಕರು ಹಾಗೆ ಹೇಳಿದ್ದರಂತೆ. ನನ್ನ ತಂಗಿ ಸಂಸಾರ ಇರುವುದು ಸ್ಯಾನ್ ಡಿಯೇಗೊದಲ್ಲಿ. ಅವಳ ಮೂಲಕ ವಿಚಾರಿಸಿ, ಓದಿ ತಿಳಿದದ್ದು ಇದು.

ಮೆದುಳಿಗೆ ರಕ್ತ ಒಯ್ಯುವ ಕತ್ತಿನ ದೊಡ್ಡ ನಾಳಗಳು ತಲೆಬುರುಡೆಯೊಳಗೆ ಕವಲೊಡೆಯುವ ಜಾಗದಲ್ಲಿ ನಿಧಾನವಾಗಿ ಕಿರಿದಾಗುತ್ತವೆ. ಆ ಕೊರತೆ ತುಂಬಲು ಸಣ್ಣ ಸಣ್ಣ ನಾಳಗಳು ಹುಟ್ಟಿಕೊಳ್ಳುತ್ತವೆ. ಆಂಜಿಯೋಗ್ರಾಂನಲ್ಲಿ ಇದು ಸಿಗರೇಟಿನ ಹೊಗೆಯ ಹಾಗೆ ಕಾಣುತ್ತದೆ. ಜಪಾನಿನ ವೈದ್ಯರು 1969ರಲ್ಲಿ 'ಮೊಯಮೊಯ' ಅಂತ ಹೆಸರಿಟ್ಟದ್ದು ಅದಕ್ಕೇ. ಜಪಾನ್, ಕೊರಿಯಾದಲ್ಲಿ ಹೆಚ್ಚು. ನಮ್ಮಲ್ಲಿ ಅಪರೂಪ, ಆದರೆ ಇದೆ. ಸಿಕಲ್ ಸೆಲ್ ರಕ್ತಹೀನತೆ, ಡೌನ್ ಸಿಂಡ್ರೋಮ್ ಇರುವವರಲ್ಲೂ ಬರಬಹುದು.

ಮಕ್ಕಳಲ್ಲಿ ಗುರುತು ವಿಚಿತ್ರ. ಜೋರಾಗಿ ಅತ್ತಾಗ, ಬಿಸಿ ಗಂಜಿ ಊದಿ ಕುಡಿಯುವಾಗ, ಓಡಿ ದಣಿದಾಗ ಒಂದು ಕೈ ಅಥವಾ ಕಾಲು ಬಲ ಕಳೆದುಕೊಳ್ಳುತ್ತದೆ, ಮಾತು ತೊದಲುತ್ತದೆ. ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ. ಜೋರಾಗಿ ಉಸಿರು ಬಿಟ್ಟಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ಮೆದುಳಿನ ನಾಳಗಳು ಮುದುಡುತ್ತವೆ, ಕಾರಣ ಅಷ್ಟೇ. ಡ್ರೈವರ್ ಮಗಳಿಗೂ ಹೀಗೆ ನಾಲ್ಕೈದು ಸಲ ಆಗಿತ್ತು. ಶಾಲೆ ತಪ್ಪಿಸಲು ನಾಟಕ ಅಂತ ಮನೆಯವರು ಬೈದಿದ್ದರು. ತಾನಾಗಿ ಸರಿಹೋದರೂ ಅದು ಪಾರ್ಶ್ವವಾಯುವಿನ ಮುನ್ಸೂಚನೆ, ಕಾಯಬಾರದು. ದೊಡ್ಡವರಲ್ಲಿ ಮೆದುಳೊಳಗೆ ರಕ್ತಸ್ರಾವವೂ ಆಗಬಹುದು.

ಕಿರಿದಾದ ನಾಳವನ್ನು ಹಿಂದಿನಂತೆ ಮಾಡುವ ಮಾತ್ರೆ ಇಲ್ಲ. ಆಸ್ಪಿರಿನ್ ಕೊಡುತ್ತಾರೆ, ಆದರೆ ರಕ್ತಸ್ರಾವದ ಭಯ ಇರುವವರಿಗೆ ಅದೇ ಅಪಾಯ, ಹಾಗಾಗಿ ಸ್ವಂತವಾಗಿ ಶುರು ಮಾಡಬೇಡಿ. ಮುಖ್ಯ ಚಿಕಿತ್ಸೆ ಆಪರೇಷನ್. ಒಂದು ವಿಧಾನದಲ್ಲಿ ನೆತ್ತಿಯ ಚರ್ಮದ ರಕ್ತನಾಳವನ್ನು ಮೆದುಳಿನ ನಾಳಕ್ಕೆ ನೇರವಾಗಿ ಹೊಲಿಯುತ್ತಾರೆ, ರಕ್ತ ಕೂಡಲೇ ಹರಿಯುತ್ತದೆ. ಇನ್ನೊಂದರಲ್ಲಿ ಆ ನಾಳವನ್ನು ಕತ್ತರಿಸದೆ ಮೆದುಳಿನ ಮೇಲೆ ಇಟ್ಟು ಹೊಲಿಯುತ್ತಾರೆ, ತಿಂಗಳುಗಳಲ್ಲಿ ಹೊಸ ನಾಳಗಳು ಬೆಳೆಯುತ್ತವೆ. ಇದಕ್ಕೆ ಇಡಿಎಎಸ್ ಅಂತ ಹೆಸರು. ಮಕ್ಕಳಿಗೆ ಇದು ಚೆನ್ನಾಗಿ ಹೊಂದುತ್ತದೆ.

ಲಾಸ್ ಏಂಜಲೀಸ್ ಹೆಸರು ಬಂದದ್ದು ಸುಮ್ಮನೆ ಅಲ್ಲ. ಡಾ. ನೆಸ್ಟರ್ ಗೊನ್ಸಾಲೆಸ್ ಅಲ್ಲಿ ಮೊದಲು ಯುಸಿಎಲ್‌ಎ, ಆಮೇಲೆ ಸಿಡಾರ್ಸ್-ಸೈನಾಯ್ ಆಸ್ಪತ್ರೆಯಲ್ಲಿ ಇಡಿಎಎಸ್‌ ಅನ್ನು ದೊಡ್ಡವರಲ್ಲೂ ಮಾಡಿ ಅಧ್ಯಯನ ನಡೆಸಿದವರು. ಸ್ಯಾನ್ ಡಿಯೇಗೊದಲ್ಲೂ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಈ ಚಿಕಿತ್ಸೆ ಇದೆ. ಅಲ್ಲೇ ವಾಸ ಇದ್ದು ಇನ್ಶೂರೆನ್ಸ್ ಇರುವವರು ಖಂಡಿತ ಅಲ್ಲೇ ತೋರಿಸಲಿ. ಆದರೆ ಗಲ್ಫ್ ಸಂಬಳದಲ್ಲಿ ಮನೆ ಅಡವಿಟ್ಟು ಅಷ್ಟು ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ನಿಮ್ಹಾನ್ಸ್, ಕಾಸರಗೋಡು ಕಡೆಯವರಿಗೆ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ಇವೆ, ಎರಡೂ ಸರ್ಕಾರಿ ಸಂಸ್ಥೆಗಳು. ವೀಸಾಕ್ಕೆ ಕಾಯುತ್ತಾ ಕೂತರೆ ಆ ತಿಂಗಳುಗಳಲ್ಲೇ ಮಗುವಿಗೆ ಪಾರ್ಶ್ವವಾಯು ಹೊಡೆಯಬಹುದು. ನನ್ನ ಪ್ರಕಾರ ದೊಡ್ಡ ಖರ್ಚು ಅದು.

ಇಲ್ಲಿ ದುಡಿಯುವವರಲ್ಲಿ ಯಾರಿಗಾದರೂ ಈ ಕಾಯಿಲೆ ಇದ್ದರೆ ಬಿಸಿಲೇ ಶತ್ರು. ಮೈಯಲ್ಲಿ ನೀರು ಕಡಿಮೆಯಾಗಿ ಬಿಪಿ ಇಳಿದರೆ ಮೆದುಳಿಗೆ ರಕ್ತ ಸಾಲುವುದಿಲ್ಲ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ, ಆದರೆ ಇಂಥವರಿಗೆ ಅಷ್ಟು ಸಾಲದು. ಡಾಕ್ಟರ್ ಚೀಟಿ ಕೊಟ್ಟು ಒಳಗಿನ ಕೆಲಸ ಕೇಳಿ. ಉಪವಾಸ ಹಿಡಿಯುವ ಮೊದಲು, ಬಿಪಿ ಮಾತ್ರೆ ಬದಲಿಸುವ ಮೊದಲು ನ್ಯೂರಾಲಜಿಸ್ಟ್‌ರನ್ನು ಕೇಳಿ. ಮುಖ ಸೊಟ್ಟಗಾದರೆ, ಕೈ ಏಳದಿದ್ದರೆ ಯುಎಇಯಲ್ಲಿ 998, ಸೌದಿಯಲ್ಲಿ 997, ಊರಲ್ಲಿ 108.

ಡ್ರೈವರ್ ಮಗಳಿಗೆ ಊರ ಕಡೆಯಲ್ಲೇ ಆಪರೇಷನ್ ಆಯಿತು, ಒಂದು ಬದಿಗೆ ಮೊದಲು, ಇನ್ನೊಂದು ಬದಿಗೆ ಕೆಲವು ತಿಂಗಳ ನಂತರ. ಎರಡನೇ ಸಲಕ್ಕೆ ಹಳೇ ಆಂಜಿಯೋಗ್ರಾಂ ಸಿಡಿ ಹುಡುಕಿ ಸಿಗದೆ ಪರದಾಡಿದರು. ಕಾಗದದ ರಿಪೋರ್ಟ್ ಸಾಕು ಅಂದುಕೊಳ್ಳಬೇಡಿ, ಸಿಡಿಯನ್ನೂ ಕೇಳಿ ಪಡೆದು ಎರಡು ಕಾಪಿ ಇಟ್ಟುಕೊಳ್ಳಿ.