ಆಗ್ನೆಸ್ ಬ್ರೌನ್: ಒಂದು ಸಾಮಾನ್ಯ ಮನೆತನದ ವೃತ್ತಾಂತ

ರಾಜವಂಶಗಳ ಚರಿತ್ರೆಗೆ ಶಾಸನಗಳೂ ಬಖೈರುಗಳೂ ಆಧಾರವಾಗುತ್ತವೆ. ಗೇಣಿಯ ಹೊಲ ಉತ್ತು ಬಾಳಿದವರ ಚರಿತ್ರೆಗೆ ಅಂಥ ಆಧಾರಗಳು ವಿರಳ. ಅವರ ಹೆಣ್ಣುಮಕ್ಕಳ ವಿಷಯದಲ್ಲಂತೂ ಇನ್ನೂ ವಿರಳ. ಸ್ಕಾಟ್ಲೆಂಡಿನಲ್ಲಿ ಈ ಕೊರತೆ ಕೆಲಮಟ್ಟಿಗೆ ನೀಗಿದೆ. ವಿವಾಹಿತೆಯನ್ನು ದಾಖಲೆಗಳಲ್ಲಿ ತವರಿನ ಹೆಸರಿನಿಂದಲೇ ಗುರುತಿಸುವುದು ಅಲ್ಲಿಯ ಹಳೆಯ ವಾಡಿಕೆ. 1855ರಲ್ಲಿ ಜನನ ಮರಣಗಳ ಕಡ್ಡಾಯ ನೋಂದಣಿ ಜಾರಿಗೆ ಬಂದಾಗ ತಾಯಿಯ ತವರುಹೆಸರನ್ನು ಬರೆಯುವುದು ನಿಯಮವೇ ಆಯಿತು. ಹೀಗಾಗಿ ಹೆಣ್ಣಿನ ಕಡೆಯ ವಂಶವನ್ನೂ ಹಿಂದಕ್ಕೆ ಅರಸಿಹೋಗುವುದು ಅಲ್ಲಿ ಸಾಧ್ಯ.

ಏರ್ ಪ್ಯಾರಿಷ್‌ನ ಜ್ಞಾನಸ್ನಾನದ ದಾಖಲೆಯಲ್ಲಿ 1759ರ ಜನವರಿ 25ರಂದು ಹುಟ್ಟಿದ ಒಂದು ಗಂಡುಮಗುವಿನ ಹೆಸರಿದೆ. ತಂದೆ ಆಲೋವೇ ಗ್ರಾಮದ ವಿಲಿಯಂ. ತಾಯಿ ಆಗ್ನೆಸ್ ಬ್ರೌನ್. ಆ ಶಿಶುವೇ ಮುಂದೆ ಮಹಾಕವಿಯಾದ ರಾಬರ್ಟ್ ಬರ್ನ್ಸ್. ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಓದಿದ ಕನ್ನಡಿಗರಿಗೆ ಆತನ ಹೆಸರು ಅಪರಿಚಿತವಲ್ಲ. ಆದರೆ ಆ ತಾಯಿಯ ಬಾಳು ಆ ಕಾಲದ ಅಸಂಖ್ಯ ಒಕ್ಕಲು ಹೆಂಗಸರ ಬಾಳಿಗಿಂತ ಭಿನ್ನವಾದುದಲ್ಲ. ಮಗನ ಕೀರ್ತಿಯ ದೆಸೆಯಿಂದ ಅದರ ವಿವರಗಳು ಉಳಿದುಬಂದವು, ಅಷ್ಟೆ.

ಆಗ್ನೆಸ್ ಹುಟ್ಟಿದ್ದು 1732ರ ಮಾರ್ಚ್ 17ರಂದು, ಏರ್‌ಷೈರ್ ಪ್ರಾಂತದ ಕರ್ಕ್‌ಆಸ್ವಲ್ಡ್ ಪ್ಯಾರಿಷ್‌ನಲ್ಲಿ. ತಂದೆ ಗಿಲ್ಬರ್ಟ್ ಬ್ರೌನ್ ಗೇಣಿ ಒಕ್ಕಲಿಗ. ತಾಯಿ ಆಗ್ನೆಸ್ ರೆನಿ. ಹತ್ತನೆಯ ವಯಸ್ಸಿಗೆ ತಾಯಿಯನ್ನು ಕಳೆದುಕೊಂಡ ಹುಡುಗಿಯ ಮೇಲೆ ತಮ್ಮ ತಂಗಿಯರನ್ನು ಸಾಕುವ ಹೊಣೆ ಬಿದ್ದಿತು. ತಂದೆ ಮರುಮದುವೆಯಾದ ತರುವಾಯ ಆಕೆ ಮೇಬೋಲ್ ಊರಿನಲ್ಲಿದ್ದ ತಾಯಿಯ ತಾಯಿಯ ಆಶ್ರಯಕ್ಕೆ ಹೋದಳು. ಬೈಬಲನ್ನು ಅಷ್ಟಿಷ್ಟು ಓದಲು ಕಲಿತಳಾದರೂ ತನ್ನ ಹೆಸರನ್ನು ಬರೆಯುವಷ್ಟು ವಿದ್ಯೆ ಆಕೆಗೆ ಎಂದೂ ದೊರೆಯಲಿಲ್ಲ. ಉಳುವ ಆಳೊಬ್ಬನೊಡನೆ ಏಳು ವರ್ಷಗಳಿಂದ ನಿಂತಿದ್ದ ಮಾತು ಮುರಿದ ಬಳಿಕ, ಉತ್ತರದ ಕಿನ್‌ಕಾರ್ಡಿನ್‌ಷೈರ್‌ನಿಂದ ತೋಟಗಾರಿಕೆಯ ಕೆಲಸ ಅರಸಿ ಬಂದಿದ್ದ ವಿಲಿಯಂ ಬರ್ನೆಸ್‌ನನ್ನು 1757ರ ಡಿಸೆಂಬರ್ 15ರಂದು ವರಿಸಿದಳು. ಆತ ತನ್ನ ಕೈಯಾರೆ ಕಟ್ಟಿದ ಮಣ್ಣಿನ ಗೋಡೆಯ ಮನೆಯಲ್ಲಿ ಅವರ ಸಂಸಾರ ಮೊದಲಾಯಿತು.

ಮಕ್ಕಳ ಹೆಸರುಗಳೇ ಈ ಮನೆತನದ ವಂಶಾವಳಿಯನ್ನು ಹೇಳುತ್ತವೆ. ಹಿರಿಯ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು, ಹಿರಿಯ ಮಗಳಿಗೆ ತಾಯಿಯ ತಾಯಿಯ ಹೆಸರು ಇಡುವುದು ಸ್ಕಾಟ್ ಜನರ ಸಂಪ್ರದಾಯ. ರಾಬರ್ಟ್, ಗಿಲ್ಬರ್ಟ್, ಆಗ್ನೆಸ್ ಎಂಬ ಮೂರೂ ಹೆಸರುಗಳು ಇದೇ ಕ್ರಮದಲ್ಲಿ ಬಂದವು. ಬ್ರೌನರ ಉಪನಾಮ ಮಕ್ಕಳಿಗೆ ಬರಲಿಲ್ಲವಾದರೂ, ಅಕಾಲದಲ್ಲಿ ತೀರಿಕೊಂಡ ಅಜ್ಜಿಯ ಹೆಸರು ಮೊಮ್ಮಗಳಲ್ಲಿ ಉಳಿಯಿತು.

ಮುಂದಿನದು ಬಡತನದ ಕಥೆ. 1766ರಲ್ಲಿ ಹಿಡಿದ ಮೌಂಟ್ ಆಲಿಫಂಟ್ ಹೊಲದ ನೆಲ ಸಾರಹೀನ. 1777ರಲ್ಲಿ ಸೇರಿದ ಲಾಕ್ಲೀಯಲ್ಲಿ ಜಮೀನ್ದಾರನೊಡನೆ ವ್ಯಾಜ್ಯ. ತೀರ್ಪು ತನ್ನ ಕಡೆಗಾದರೂ ಜರ್ಝರಿತನಾಗಿದ್ದ ವಿಲಿಯಂ 1784ರ ಫೆಬ್ರುವರಿಯಲ್ಲಿ ತೀರಿಕೊಂಡನು. ಸಂಸಾರವು 118 ಎಕರೆಯ ಮಾಸ್‌ಗೀಲ್ ಹೊಲಕ್ಕೆ ಹೋಯಿತು. ಅಲ್ಲಿಯ ವಾರ್ಷಿಕ ಗೇಣಿ 90 ಪೌಂಡು. ಮನೆಯ ಉಳಿತಾಯದಿಂದ ನಡೆದ ಆ ಒಕ್ಕಲುತನದಲ್ಲಿ ರಾಬರ್ಟ್, ಗಿಲ್ಬರ್ಟರಿಗೆ ವರ್ಷಕ್ಕೆ ತಲಾ 7 ಪೌಂಡು ಕೂಲಿ. 1785ರಲ್ಲಿ ಕಿರಿಯ ಮಗ ಜಾನ್ ಹದಿನಾರರ ಹರೆಯದಲ್ಲಿ ಸತ್ತನು. ಅದೇ ವರ್ಷ ಮನೆಯ ಸೇವಕಿಯಾಗಿದ್ದವಳಲ್ಲಿ ರಾಬರ್ಟನಿಗೆ ವಿವಾಹಬಾಹಿರವಾಗಿ ಹೆಣ್ಣು ಶಿಶುವೊಂದು ಹುಟ್ಟಿತು. ಆ ಶಿಶುವನ್ನು ಸಾಕಿದವಳು ಅಜ್ಜಿಯಾದ ಆಗ್ನೆಸ್. ತಮ್ಮ ತಂಗಿಯರನ್ನು, ಏಳು ಮಂದಿ ಮಕ್ಕಳನ್ನು, ಕೊನೆಗೆ ಈ ಮೊಮ್ಮಗಳನ್ನು, ಹೀಗೆ ಮೂರು ತಲೆಮಾರುಗಳಿಗೆ ಆಕೆ ತಾಯಿಯಾದಳು.

ದಾಖಲೆಗಳು ಇಷ್ಟನ್ನು ಹೇಳುತ್ತವೆ. ಆಕೆಯ ತವರು ಕೊಟ್ಟ ದೊಡ್ಡ ಸಂಪತ್ತು ಅವುಗಳಲ್ಲಿ ದಾಖಲಾಗಿಲ್ಲ. ಬಾಲ್ಯದಲ್ಲಿ ಆಕೆ ಕೆಲಕಾಲ ಜೊತೆಗಿದ್ದ ವೃದ್ಧ ಬಂಧುವೊಬ್ಬ ಕುರುಡನಾಗಿದ್ದನು. ಮನುಷ್ಯನ ಬಾಳನ್ನೂ ವಯಸ್ಸನ್ನೂ ಕುರಿತ ಹಳೆಯ ಹಾಡನ್ನು ಆಕೆ ಹಾಡಿದರೆ ಕುಳಿತು ಕಣ್ಣೀರು ಸುರಿಸುವುದೇ ಅವನಿಗೆ ಪರಮಸುಖವಾಗಿತ್ತೆಂದು ಕವಿ 1788ರ ಪತ್ರವೊಂದರಲ್ಲಿ ತಿಳಿಸಿದ್ದಾನೆ. ಬಾಲಕ ರಾಬರ್ಟನಿಗೆ ದೆವ್ವ ಮಾಟಗಾತಿಯರ ಕಥೆಗಳನ್ನು ಹೇಳಿದ ಬೆಟ್ಟಿ ಡೇವಿಡ್‌ಸನ್ ಎಂಬವಳೂ ಆಗ್ನೆಸ್‌ಳ ಕಡೆಯ ಬಂಧು. ಭೂಮಾಪನ ಕಲಿಯಲು ರಾಬರ್ಟ್ 1775ರ ಸುಮಾರಿಗೆ ಕರ್ಕ್‌ಆಸ್ವಲ್ಡ್‌ಗೆ ಹೋದಾಗ ತಂಗಿದ್ದುದು ಸೋದರಮಾವನ ಮನೆಯಲ್ಲಿ. ‘ಟ್ಯಾಮ್ ಓ ಷ್ಯಾಂಟರ್’ ಕಥನಕವನದ ನಾಯಕನ ಮೂಲಮಾದರಿ ಆ ಪ್ಯಾರಿಷ್‌ನ ಒಕ್ಕಲಿಗನೇ. ತಂದೆ ಮಕ್ಕಳಿಗೆ ಉಪಾಧ್ಯಾಯನನ್ನು ಗೊತ್ತುಮಾಡಿ ಪುಸ್ತಕಜ್ಞಾನವನ್ನು ಒದಗಿಸಿದನು. ನಾಡಿನ ಹಾಡುಗಬ್ಬದ ಧಾಟಿ ತಾಯಿಯ ಕಡೆಯಿಂದ ಬಂದಿತು.

ಕೀರ್ತಿ ಬಂದ ಮೇಲೆ ರಾಬರ್ಟ್ ತನ್ನ ಕೃತಿಯ ಲಾಭದಿಂದ ಸುಮಾರು 180 ಪೌಂಡುಗಳನ್ನು ಗಿಲ್ಬರ್ಟನಿಗೆ ಸಾಲವಾಗಿ ಕೊಟ್ಟು ಮನೆಯನ್ನು ಎತ್ತಿಹಿಡಿದನು. 1796ರಲ್ಲಿ ಆತನೂ ತೀರಿಕೊಂಡನು. ಗಿಲ್ಬರ್ಟನೊಡನೆ ಊರೂರು ಬದಲಿಸಿದ ಆಗ್ನೆಸ್ ಕೊನೆಗೆ ಈಸ್ಟ್ ಲೋದಿಯನ್‌ನ ಗ್ರ್ಯಾಂಟ್ಸ್ ಬ್ರೇಸ್‌ನಲ್ಲಿ 1820ರ ಜನವರಿ 14ರಂದು, ತನ್ನ 87ನೆಯ ವಯಸ್ಸಿನಲ್ಲಿ ಕಾಲವಾದಳು. ಮೂವತ್ತಾರು ವರ್ಷ ಹಿಂದೆಯೇ ಅಗಲಿದ್ದ ಪತಿಯ ಸಮಾಧಿ ಆಲೋವೇಯಲ್ಲಿ. ಆಕೆಯದು ದೂರದ ಬೋಲ್ಟನ್ ಗ್ರಾಮದ ಚರ್ಚಿನಂಗಳದಲ್ಲಿ.

ಹೆಸರು ಬರೆಯಲಾರದ ಸ್ತ್ರೀಯ ಹೆಸರನ್ನು ಪ್ಯಾರಿಷ್‌ನ ಲೇಖಕ ಬರೆದಿಟ್ಟನು. ಆಕೆಯ ಕಂಠದಲ್ಲಿದ್ದುದನ್ನು ಮಗ ಬರೆದನು. ಮಗನಿಗೆ ಕೀರ್ತಿ ಬಾರದಿದ್ದ ಮನೆಗಳಲ್ಲಿಯೂ ಅಂಥ ತಾಯಂದಿರು ಇದ್ದರು. ಅವರ ಹಾಡುಗಳನ್ನು ಬರೆದಿಟ್ಟವರಿಲ್ಲ. ಆದರೆ ಅವರ ತವರುಹೆಸರುಗಳು ಆ ಪ್ಯಾರಿಷ್ ದಾಖಲೆಗಳಲ್ಲಿ ಇಂದಿಗೂ ಓದುವವರಿಗಾಗಿ ಕಾದಿವೆ.